ಒಳಗೆ ತಟ್ಟೆ ತೊಳೆದ ನಿಮಗೆ

ಟೇಸ್ಟಿಂಗ್ ಮೆನು, ಅಂದರೆ ಚಿಕ್ಕ ಚಿಕ್ಕ ತಿನಿಸುಗಳು ಒಂದೊಂದು ಕೋರ್ಸಾಗಿ ಸರದಿಯಲ್ಲಿ ಬರುವ ಊಟ ಮುಗಿದಾಗ ಚಪ್ಪಾಳೆ ಸಿಗುವುದು ಶೆಫ್‌ಗೆ. ನಮ್ಮ ಈ ಧನ್ಯವಾದ ಒಳಗೆ ತಟ್ಟೆ ತೊಳೆದು, ಗ್ಲಾಸು ಒರೆಸಿದ ನಿಮಗೆ. ಹೆಸರು ಗೊತ್ತಿಲ್ಲ, ಕೆಲಸ ಗೊತ್ತು.

12 ಜನಕ್ಕೆ 10 ಕೋರ್ಸು ಅಂದರೆ 120 ತಟ್ಟೆ. ಚಮಚ, ಫೋರ್ಕು, ಗ್ಲಾಸು ಬೇರೆ. ಚಿಕ್ಕ ಅಡುಗೆಮನೆಯಲ್ಲಿ ಅಷ್ಟೆಲ್ಲ ಜೋಡಿಸಿಡಲು ಜಾಗವೆಲ್ಲಿ? ಮೂರನೇ ಕೋರ್ಸಿನ ತಟ್ಟೆಯೇ ತೊಳೆದು ಏಳನೆಯದಕ್ಕೆ ಬರಬೇಕು. ಅದು ಐದು ನಿಮಿಷ ತಡವಾದರೆ ಸಾಸ್ ಪೊರೆ ಕಟ್ಟುತ್ತದೆ, ಬೆಂದ ಮೀನು ಒಣಗುತ್ತದೆ. ಹಾಗಂತ ಮೆಷಿನ್‌ನಿಂದ ತೆಗೆದ ಬಿಸಿ ತಟ್ಟೆಯನ್ನೇ ಐಸ್‌ಕ್ರೀಮಿಗೆ ಕೊಟ್ಟರೆ ಮೇಜು ತಲುಪುವಷ್ಟರಲ್ಲಿ ಅಂಚೆಲ್ಲ ನೀರು. ತಣ್ಣನೆಯ ಕೋರ್ಸಿನ ತಟ್ಟೆಗಳನ್ನು ನೀವು ಮೊದಲೇ ಬೇರೆ ಮಾಡಿ ಫ್ರಿಜ್‌ಗೆ ಸೇರಿಸಿದ್ದು ಅದಕ್ಕೇ.

ಉದ್ದ ಕಡ್ಡಿಯ ವೈನ್ ಗ್ಲಾಸಿನ ಕೆಲಸವಂತೂ ಇನ್ನೂ ನಾಜೂಕು. ಬಿಸಿನೀರಿನ ಹಬೆ ಹಿಡಿಸಿ, ನೂಲು ಬಿಡದ ಬಟ್ಟೆಯಲ್ಲಿ, ಗ್ಲಾಸಿನ ಮೇಲ್ಭಾಗದ ಬಟ್ಟಲನ್ನೇ ಅಂಗೈಯಲ್ಲಿ ಹಿಡಿದು ಒರೆಸಬೇಕು. ಒಂದು ಕೈ ಪಾದಕ್ಕೆ, ಇನ್ನೊಂದು ಬಟ್ಟಲಿಗೆ ಹಾಕಿ ತಿರುಚಿದರೆ ನಡುವಿನ ಕಡ್ಡಿ ಪಟ್ಟನೆ ಮುರಿದು ಕೈ ಸೀಳುತ್ತದೆ. ಆ ಬಟ್ಟೆ ಒಗೆಯುವಾಗ ಮೆದುವಾಗಲೆಂದು ಕಂಡೀಷನರ್ ಹಾಕಿದ್ದರೆ ಗಾಜಿಗೆ ಜಿಡ್ಡು ಹತ್ತುತ್ತದೆ.

ದೀಪಕ್ಕೆ ಹಿಡಿದು ನೋಡಿದೆವು. ನಿಮ್ಮ ಒಂದು ಗ್ಲಾಸಿನ ಮೇಲೂ ಬೆರಳಿನ ಗುರುತಿರಲಿಲ್ಲ.