ಕಪ್ಪು ಹಾಳೆಯಲ್ಲಿ ನೆರಳು ಬಿಡಿಸಬೇಕಿಲ್ಲ

ಮಾನ್ಯ ಸಂಪಾದಕರೆ,

ಚಿತ್ರಕಲಾ ಸ್ಪರ್ಧೆಗಳಲ್ಲಿ ಮಕ್ಕಳ ಕೈಗೆ ಕಪ್ಪು ಹಾಳೆ, ಬಿಳಿ ಚಾರ್ಕೋಲ್ ಪೆನ್ಸಿಲ್ ಕೊಟ್ಟು ಕುದುರೆ ಬಿಡಿಸಲು ಹೇಳುವುದುಂಟು. ಒಳ್ಳೆಯ ಅಭ್ಯಾಸವೇ. ಆದರೆ ಬಹುಮಾನ ಬಂದ ಚಿತ್ರಗಳಲ್ಲೂ ಒಂದು ತಪ್ಪು ಉಳಿದಿರುತ್ತದೆ. ಬಿಳಿ ಹಾಳೆಯ ರೂಢಿ ಬಿಡದೆ ಮಕ್ಕಳು ನೆರಳಿದ್ದ ಕಡೆಯೇ ಪೆನ್ಸಿಲ್ ಉಜ್ಜುತ್ತಾರೆ. ಹೊಳ್ಳೆಯ ಒಳಭಾಗ ಬೆಳ್ಳಗಾಗಿ, ಮೂಗಿನ ಎಲುಬು ಕಪ್ಪಾಗಿ, ಕುದುರೆ ಫೋಟೊ ನೆಗೆಟಿವ್‌ನಂತೆ ಕಾಣುತ್ತದೆ. ಇಲ್ಲಿ ನೆರಳನ್ನು ಹಾಳೆಯೇ ಕೊಟ್ಟಿದೆ. ಬಿಡಿಸಬೇಕಾದದ್ದು ಬೆಳಕು ಮಾತ್ರ.

ಅರ್ಧ ತೊಂದರೆ ಹಾಳೆಯದು. ನುಣುಪಾದ ಕಪ್ಪು ಚಾರ್ಟ್ ಮೇಲೆ ಪುಡಿ ನಿಲ್ಲದು, ಎರಡನೇ ಪದರಕ್ಕೇ ಜಾರುತ್ತದೆ. ಬೆರಳಾಡಿಸಿದರೆ ತರಿತರಿ ಎನ್ನುವ, 160 ಜಿಎಸ್‌ಎಂಗೆ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಹಾಳೆಯ ತೂಕದ ಅಳತೆ) ಕಡಿಮೆಯಿಲ್ಲದ ಪೇಸ್ಟಲ್ ಹಾಳೆ ಬೇಕು. ಕರಡನ್ನು ಬೇರೆ ಹಾಳೆಯಲ್ಲಿ ಮಾಡಿ, ಅದರ ಬೆನ್ನಿಗೆ ಸೀಮೆಸುಣ್ಣ ಸವರಿ, ಕಪ್ಪು ಹಾಳೆಯ ಮೇಲಿಟ್ಟು ಹಗುರವಾಗಿ ತಿದ್ದಬೇಕು. ಒತ್ತಿದರೆ ಹಾಳೆಯಲ್ಲಿ ತಗ್ಗು ಬೀಳುತ್ತದೆ; ಆಮೇಲೆ ಪೆನ್ಸಿಲ್ ಆ ತಗ್ಗಿಗೆ ಇಳಿಯದೆ ಕಪ್ಪು ಗೀರು ಉಳಿದುಬಿಡುತ್ತದೆ.

ಇಡೀ ಕುದುರೆಯಾದರೆ ತಲೆಯ ಉದ್ದವೇ ಅಳತೆಗೋಲು. ನೆಲದಿಂದ ಹೆಗಲಿಗೆ ಸುಮಾರು ಎರಡೂವರೆ ತಲೆ, ಎದೆಯಿಂದ ಪೃಷ್ಠಕ್ಕೂ ಹೆಚ್ಚುಕಡಿಮೆ ಅಷ್ಟೇ. ಹೊಸಬರಿಗೆ ತಲೆಯೊಂದೇ ಸಾಕು. ಬೆಳಕು ಒಂದೇ ಕಡೆಯಿಂದ ಬಿದ್ದ ಫೋಟೊ ಆರಿಸಿಕೊಳ್ಳಲಿ. ಚರ್ಮ ತೆಳುವಾಗಿ ಎಲುಬಿಗೆ ಅಂಟಿದ ಕಡೆ ಬೆಳಕು ಜೋರು: ಕಣ್ಣಿನ ಮೇಲಿನ ಉಬ್ಬು, ಕಣ್ಣಿನ ಕೆಳಗಿಂದ ಮೂತಿಯ ಕಡೆಗೆ ಸಾಗುವ ಏಣು, ಮೂಗಿನ ಎಲುಬು. ದವಡೆಯ ದುಂಡು ಮಾತ್ರ ಮೆಲ್ಲಗೆ ಮಸುಕಾಗುತ್ತ ಕತ್ತಲಿಗೆ ಸೇರಬೇಕು. ಕಣ್ಣನ್ನು ಬಹುಪಾಲು ಮುಟ್ಟಲೇಬಾರದು. ಪಾಪೆ ನಮ್ಮದರಂತೆ ದುಂಡಗಿಲ್ಲ, ಅಡ್ಡಕ್ಕೆ ಉದ್ದ. ಮೇಲ್ಭಾಗದಲ್ಲಿ ಒಂದು ಚೂಪು ಚುಕ್ಕೆ, ಕೆಳಗೆ ತೆಳು ಬೂದು ಇಷ್ಟಿದ್ದರೆ ಕಣ್ಣು ತೇವವಾಗಿ ಕಾಣುತ್ತದೆ. ನೆರಳಿನ ಬದಿಗೆ ಅಂಚುಗೆರೆಯೇ ಬೇಡ. ಮಾರ್ವಾಡಿ ತಳಿಯನ್ನು ನೋಡಿ ಬಿಡಿಸಿದ ಮಗುವಿನ ಚಿತ್ರದಲ್ಲಿ ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗಿದ್ದರೆ, ದಯವಿಟ್ಟು ಅಂಕ ಕಳೆಯಬೇಡಿ. ಅವು ಇರುವುದೇ ಹಾಗೆ.

ಮೊದಲ ಪದರವನ್ನು ಪೆನ್ಸಿಲ್ ಮಲಗಿಸಿ, ಕೂದಲು ಹೋಗುವ ದಿಕ್ಕಿಗೇ ಎಳೆಯಬೇಕು. ಅಚ್ಚ ಬಿಳಿಯನ್ನು ಕೊನೆಗೆ, ನಾಲ್ಕೈದು ಜಾಗಕ್ಕಷ್ಟೇ ಇಟ್ಟುಕೊಳ್ಳಬೇಕು. ಸಾಮಾನ್ಯ ರಬ್ಬರಿನಿಂದ ಉಜ್ಜಿದರೆ ಪುಡಿ ಹಾಳೆಯ ತರಿಗೆ ಇಳಿದು ಬೂದು ಕಲೆ ಕೂರುತ್ತದೆ. ಹಿಟ್ಟಿನಂತೆ ಮೆತ್ತಗಿರುವ ನೀಡೆಡ್ ಇರೇಸರನ್ನು ಒತ್ತಿ ಎತ್ತಬೇಕು, ಎಳೆಯಬಾರದು. ಕಲೆ ಮುಚ್ಚಲು ಕಪ್ಪು ಚಾರ್ಕೋಲ್ ಬಳಿದರೆ ಎರಡೂ ಬೆರೆತು ನೀಲಿಛಾಯೆಯ ಬೂದು ಬರುತ್ತದೆ, ಅದು ಇನ್ನೂ ಎದ್ದು ಕಾಣುತ್ತದೆ. ಅಂಗೈ ಕೆಳಗೆ ಒಂದು ಬಿಡಿ ಹಾಳೆ ಇರಲಿ.

ಪುಡಿ ಉದುರದಂತೆ ಹಿಡಿದಿಡುವ ಅಂಟುದ್ರಾವಣ, ಅಂದರೆ ಫಿಕ್ಸೆಟಿವ್ ಸಿಂಪಡಿಸಿದ ಮೇಲೆ ‘ಬಿಳಿ ಮಾಯವಾಯಿತು’ ಎಂಬ ದೂರು ಸಾಮಾನ್ಯ. ಬಿಳಿ ಕಣಗಳ ನಡುವಿನ ಗಾಳಿಯ ಜಾಗವನ್ನು ಅಂಟು ತುಂಬಿಕೊಳ್ಳುವುದರಿಂದ ಬೆಳಕು ಚದುರುವುದು ಕಡಿಮೆಯಾಗಿ ಬಣ್ಣ ಕಂದುತ್ತದೆ. 30 ಸೆಂ.ಮೀ. ದೂರದಿಂದ ಎರಡು ತೆಳು ಸಿಂಪಡಣೆ ಸಾಕು. ಒಣಗಿದ ಮೇಲೆ ಅಚ್ಚ ಬಿಳಿಯ ಜಾಗಗಳನ್ನು ಮತ್ತೊಮ್ಮೆ ತಿದ್ದಿ, ಆಮೇಲೆ ಸಿಂಪಡಿಸದೆ ಬಿಡಬೇಕು. ಚೌಕಟ್ಟಿನ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟಿನ ಮೌಂಟ್ ಇರಲಿ.

ಸ್ಪರ್ಧೆ ನಡೆಸುವವರಲ್ಲಿ ಎರಡು ಕೋರಿಕೆ. ಹಾಳೆ ನೀವೇ ಕೊಡುವುದಾದರೆ ತರಿ ಇರುವುದನ್ನೇ ಕೊಡಿ. ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳುವುದಾದರೆ, ಫೋಟೊ ತೆಗೆಯುವಾಗ ಫೋನಿನಲ್ಲಿ ಎಕ್ಸ್‌ಪೋಶರ್ (ಬೆಳಕಿನ ಮಟ್ಟ) ಇಳಿಸಲು ಮೊದಲೇ ತಿಳಿಸಿ. ಇಲ್ಲವಾದರೆ ಫೋನು ತಾನಾಗಿ ಕಪ್ಪನ್ನು ಬೂದು ಮಾಡುತ್ತದೆ, ತೀರ್ಪುಗಾರರಿಗೆ ಮಗು ಬಿಡಿಸಿದ ಬೆಳಕೇ ಕಾಣುವುದಿಲ್ಲ.

– ಒಬ್ಬ ಚಿತ್ರಕಲಾ ಶಿಕ್ಷಕ, ಹಾಸನ