ಕಾಫಿ ತೋಟ ಕೃಷಿ ಭೂಮಿಯೇ?

ಸಾಲ ಬಾಕಿಗಾಗಿ ಕಾಫಿ ತೋಟಗಳನ್ನು ಹರಾಜಿಗಿಡುವ ಸುದ್ದಿ ಓದಿದಾಗಲೆಲ್ಲ, ಇಡೀ ವ್ಯಾಜ್ಯ ‘ಕೃಷಿ ಭೂಮಿ’ ಎಂಬ ಎರಡು ಪದಗಳ ಮೇಲೆ ನಿಂತಿರುವುದು ಕಾಣುತ್ತದೆ. ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ಹರಾಜು ಹಾಕಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ 31ನೇ ಸೆಕ್ಷನ್, ಕೃಷಿ ಭೂಮಿಗೆ ಇದರಿಂದ ವಿನಾಯಿತಿ ಕೊಟ್ಟಿದೆ; ಆದರೆ ಕೃಷಿ ಭೂಮಿ ಎಂದರೇನೆಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ. ಅರ್ಥ ಹುಡುಕುವ ಹೊಣೆ ಮೇಲಿನ ನ್ಯಾಯಾಲಯಗಳ ಪಾಲಿಗೆ ಬಂದಿದೆ. ಕಂದಾಯ ದಾಖಲೆಯಲ್ಲಿ ಹಾಗೆಂದು ನಮೂದಾಗಿದ್ದರಷ್ಟೇ ಸಾಲದು, ಜಮೀನಿನ ನಿಜವಾದ ಬಳಕೆಯನ್ನೂ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ತತ್ವವೇನೋ ಸರಿ. ಬಳಕೆಯನ್ನೇ ನೋಡುವುದಾದರೆ, ಮರಗಸಿ ಮಾಡಿ (ನೆರಳಿನ ಮರಗಳ ಕೊಂಬೆ ಸವರಿ), ಗೊಬ್ಬರ ಹಾಕಿ, ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುತ್ತಾ ಕೂರುವ ನಾವು ಬೆಳೆಗಾರರು ಮಾಡುತ್ತಿರುವುದು ಕೃಷಿಯಲ್ಲದೆ ಇನ್ನೇನು?

ಅತ್ತ ರಾಜ್ಯದ 1961ರ ಭೂ ಸುಧಾರಣಾ ಕಾಯ್ದೆ ಕಾಫಿ, ಏಲಕ್ಕಿ, ಕರಿಮೆಣಸನ್ನು ತೋಟದ ಬೆಳೆಗಳೆಂದು ಬೇರೆಯಾಗಿಯೇ ಇಟ್ಟಿದೆ. ಅದು ಭೂಮಿತಿಯಂಥ (ಒಬ್ಬರು ಇಷ್ಟೇ ಜಮೀನು ಹೊಂದಬಹುದೆಂಬ) ನಿಯಮಗಳಿಂದ ವಿನಾಯಿತಿ ಕೊಡಲು ಮಾಡಿದ ವಿಂಗಡಣೆ. ಆ ಕಾಯ್ದೆಯ ‘ತೋಟದ ಬೆಳೆ’ ಎಂಬ ಪದವನ್ನು ಸರ್ಫೇಸಿ ಕಾಯ್ದೆಗೆ ಎಳೆದು ತಂದು, ಕಾಫಿ ತೋಟ ಕೃಷಿ ಭೂಮಿಯಲ್ಲ ಎಂದರೆ, ಅಲ್ಲಿ ಬೆಳೆಗಾರನನ್ನು ಕಾಯುವ ಮಾತೇ ಇಲ್ಲಿ ಅವನಿಗೆ ಮುಳುವಾಗುತ್ತದೆ.

ಸಂಸತ್ತೇ ಸರ್ಫೇಸಿ ಕಾಯ್ದೆಗೆ ‘ಕೃಷಿ ಭೂಮಿ’ಯ ವ್ಯಾಖ್ಯಾನ ಸೇರಿಸಿ, ಕಾಫಿ ತೋಟವೂ ಅದರೊಳಗೆ ಬರುತ್ತದೆಂದು ಸ್ಪಷ್ಟವಾಗಿ ಬರೆಯಲಿ. ಇದಕ್ಕಾಗಿ ಜಿಲ್ಲೆಯ ಜನಪ್ರತಿನಿಧಿಗಳು ಪಕ್ಷಭೇದ ಬಿಟ್ಟು ಒತ್ತಾಯಿಸಬೇಕು.

– ಕಾಫಿ ಬೆಳೆಗಾರ, ಸೋಮವಾರಪೇಟೆ