ಒಪ್ಪಿಗೆ ಪತ್ರ ತಾಯಂದಿರಿಗೆ ಓದಲು ಬರುವಂತಿರಲಿ

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡಿನಲ್ಲಿ ಪದವಿ ತರಗತಿಯ ಎರಡನೆಯ ವರ್ಷದಲ್ಲಿರುವ ನನ್ನ ಮಗಳು ಕಳೆದ ತಿಂಗಳು, ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ಎಂಬ ವೈರಸ್ಸನ್ನು ತಡೆಯುವ ಲಸಿಕೆಯ ಒಪ್ಪಿಗೆ ಪತ್ರವೊಂದನ್ನು ಕಾಲೇಜಿನಿಂದ ತಂದಳು. ಒಂದೂವರೆ ಪುಟದ ಆ ಪತ್ರ ಮಲಯಾಳದಲ್ಲಿತ್ತು, ಕನ್ನಡದ ಒಂದಕ್ಷರವೂ ಇರಲಿಲ್ಲ. ನನಗೆ ಮಲಯಾಳ ಓದಲು ಬರುವುದರಿಂದ ಓದಿ ಸಹಿ ಹಾಕಿದೆ. ಆದರೆ ಅವಳ ಸಹಪಾಠಿಯ ತಾಯಿ, ನಮ್ಮ ನೆರೆಮನೆಯವರು, ತುಳು ಮಾತನಾಡುವವರು, ಓದುವುದು ಕನ್ನಡ ಮಾತ್ರ. ಬೀಡಿ ಎಲೆಯ ಮೊರವನ್ನು ಬದಿಗೆ ಸರಿಸಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಅವರು, "ಏನು ಬರೆದಿದ್ದಾರೆಂದು ತಿಳಿಯದೆ ಮಗಳ ಮೈಗೆ ಸೂಜಿ ಹಾಕಿಸಲು ಹೇಗೆ ಒಪ್ಪುವುದು ಅಕ್ಕ?" ಎಂದು ಕೇಳಿದರು.

ಲಸಿಕೆ ಬೇಕೇ ಎಂಬ ವಿಷಯದಲ್ಲಿ ನನಗೆ ಸಂಶಯವಿಲ್ಲ. ಗರ್ಭಕಂಠದ ಕ್ಯಾನ್ಸರಿಗೆ ಈ ವೈರಸ್ಸೇ ಕಾರಣವೆಂದು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಟ್ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಈ ವೈರಸ್ಸಿನ 16 ಮತ್ತು 18ನೆಯ ಬಗೆಗಳಿಂದಲೇ ಸುಮಾರು 70 ಶೇಕಡಾ ಪ್ರಕರಣಗಳು ಬರುತ್ತವೆ. ನಮ್ಮ ದೇಶದಲ್ಲೇ ತಯಾರಾಗುವ ಸರ್ವಾವ್ಯಾಕ್ ಸಹಿತ ಈಗ ದೊರೆಯುವ ಲಸಿಕೆಗಳು ಇವೆರಡನ್ನೂ ತಡೆಯುತ್ತವೆ. 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರಿಗೆ ಈ ರೋಗ ತಗಲುತ್ತದೆ. ಸೋಂಕು ಕ್ಯಾನ್ಸರಾಗಿ ಬೆಳೆಯಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಹಿಡಿಯುವುದರಿಂದ ನಲುವತ್ತರಲ್ಲಿ ಬರುವ ಕಾಯಿಲೆಗೆ ತಡೆಯನ್ನು ಹದಿಹರೆಯದಲ್ಲೇ ಒಡ್ಡಬೇಕಾಗುತ್ತದೆ. 9ರಿಂದ 14 ವರ್ಷ ಅತ್ಯುತ್ತಮ ಪ್ರಾಯವೆಂಬುದು ನಿಜವಾದರೂ, 26 ವರ್ಷದವರೆಗೂ ಲಸಿಕೆ ಹಾಕಿಸಿಕೊಳ್ಳಬಹುದು.

ಆದರೆ ಸರಕಾರದ ಯೋಜನೆಯಲ್ಲಿ ಪದವಿ ಕಾಲೇಜಿನ ಮಕ್ಕಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಕೇರಳ ಸರಕಾರ 2025ರಲ್ಲಿ ಪ್ರಕಟಿಸಿದ ಯೋಜನೆ ಪ್ಲಸ್ ವನ್, ಪ್ಲಸ್ ಟು ವಿದ್ಯಾರ್ಥಿನಿಯರಿಗೆ. ಪದವಿಗೆ ಬಂದವರು ಅದರ ಹೊರಗೆ ಉಳಿಯುತ್ತಾರೆ. ದಿನವೂ ತಲಪಾಡಿಯ ಗಡಿ ದಾಟಿ ಮಂಗಳೂರಿನ ಕಾಲೇಜುಗಳಿಗೆ ಹೋಗುವವರನ್ನು ಯಾವ ರಾಜ್ಯ ತನ್ನವರೆಂದು ಎಣಿಸುತ್ತದೆಯೋ! ಖಾಸಗಿ ಆಸ್ಪತ್ರೆಯಲ್ಲಿ ಡೋಸಿಗೆ ತೆರಬೇಕಾದ ಹಣ ಬೀಡಿ ಕಟ್ಟುವ ಮನೆಗೆ ಹಗುರವಲ್ಲ.

ಹೆತ್ತವರ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದೂ ಸರಿಯಲ್ಲ. ಸರಕಾರಿ ನಿಗಮದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ದಿನಗಳನ್ನು ನಮ್ಮ ಎಣ್ಮಕಜೆ ಪಂಚಾಯತಿನವರು ಮರೆತಿಲ್ಲ. ಸರಕಾರದ ಕಡೆಯಿಂದ ಬರುವ ಯಾವುದನ್ನಾದರೂ ಎರಡು ಬಾರಿ ಯೋಚಿಸಿಯೇ ಒಪ್ಪುವ ಊರಿದು. ಲಸಿಕೆಯಿಂದ ಬಂಜೆತನ ಬರುತ್ತದೆಂಬ ಮಾತಿಗೆ ಉತ್ತರ ಸುಲಭ: ಅದರಲ್ಲಿರುವುದು ವೈರಸ್ಸಿನ ಹೊರಕವಚದ ಪ್ರೋಟೀನು ಮಾತ್ರ, ಸೋಂಕು ಹುಟ್ಟಿಸುವ ವಂಶವಸ್ತು ಅದರಲ್ಲಿಲ್ಲ. ಆದರೆ ಖಮ್ಮಂ ಘಟನೆಯನ್ನು ನೆನಪಿಸುವವರಿಗೆ ಅಷ್ಟು ಸುಲಭವಾಗಿ ಉತ್ತರಿಸಲಾಗದು. ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ನಡೆಯುತ್ತಿದ್ದ ಇದೇ ಲಸಿಕೆಯ ಪ್ರಾಯೋಗಿಕ ಯೋಜನೆಯನ್ನು ಏಳು ಬಾಲಕಿಯರ ಸಾವಿನ ನಂತರ 2010ರಲ್ಲಿ ನಿಲ್ಲಿಸಲಾಯಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಕಂಡುಬಂದ ದೋಷವೆಂದರೆ, ಅನೇಕ ಮಕ್ಕಳ ಒಪ್ಪಿಗೆ ಪತ್ರಕ್ಕೆ ಹೆತ್ತವರ ಬದಲು ಹಾಸ್ಟೆಲಿನ ವಾರ್ಡನ್‌ಗಳೇ ಸಹಿ ಹಾಕಿದ್ದರು. ತಿಳಿಯದ ಭಾಷೆಯ ಕಾಗದಕ್ಕೆ ಪಡೆಯುವ ಸಹಿಯೂ ಅದಕ್ಕಿಂತ ಹೆಚ್ಚು ಬೆಲೆಯದ್ದಲ್ಲ. ವಿದ್ಯಾರ್ಥಿನಿಗೆ ಹದಿನೆಂಟು ತುಂಬಿದ್ದರೆ ಸಹಿ ಅವಳದ್ದೇ ಸಾಕು, ನಿಜ. ಆದರೆ ನಮ್ಮ ಮನೆಗಳಲ್ಲಿ ತಾಯಿ ಬೇಡವೆಂದರೆ ಮಗಳು ಸರದಿಯಲ್ಲಿ ನಿಲ್ಲುವುದಿಲ್ಲ.

ಆದ್ದರಿಂದ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾಗಿರುವ ನಮ್ಮ ಪ್ರದೇಶದ ಎಲ್ಲ ಕಾಲೇಜುಗಳಲ್ಲಿ ಪತ್ರದ ಒಂದು ಮಗ್ಗುಲನ್ನಾದರೂ ಕನ್ನಡದಲ್ಲಿ ಮುದ್ರಿಸಬೇಕು. ಸೂಜಿ ಹಾಕಿದ ತೋಳು ಒಂದೆರಡು ದಿನ ನೋಯಬಹುದು, ಕೆಲವರಿಗೆ ತಲೆ ಸುತ್ತಬಹುದು ಎಂಬುದನ್ನೂ ಅದರಲ್ಲಿ ಮುಚ್ಚಿಡದೆ ಬರೆಯಬೇಕು. ರಕ್ಷಕ-ಶಿಕ್ಷಕ ಸಂಘದ ಸಭೆಗೆ ಕನ್ನಡ ಅಥವಾ ತುಳು ಬಲ್ಲ ವೈದ್ಯೆಯೊಬ್ಬರನ್ನು ಕಳುಹಿಸಿದರೆ, ಮೂವತ್ತು ದಾಟಿದ ತಾಯಂದಿರು ತಾವು ಮಾಡಿಸಿಕೊಳ್ಳಬೇಕಾದ ತಪಾಸಣೆಯ ಬಗ್ಗೆಯೂ ಕೇಳಿ ತಿಳಿಯಬಹುದು.

ನೆರೆಮನೆಯವರಿಗೆ ಆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದ್ದೇನೆ. ಗಂಡನೂ ಒಮ್ಮೆ ಕೇಳಲಿ ಎಂದರು. ಕಾಗದ ಇನ್ನೂ ಅವರ ಮನೆಯ ಕ್ಯಾಲೆಂಡರಿನ ಹಿಂದೆಯೇ ಇದೆ.

— ಓರ್ವ ತಾಯಿ, ಪೆರ್ಲ, ಕಾಸರಗೋಡು ಜಿಲ್ಲೆ